ಹಳೆ ಸೇತುವೆಗೊಂದು ಹೊಸ ಕೆಲಸ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಮನೆಗಳಿಂದ ಮೈಸೂರಿಗೆ ಹೊರಟವರಿಗೆ ಊರು ಬಿಟ್ಟೆವೆಂಬ ಭಾವನೆ ಬರುವುದು ಕೆಂಗೇರಿ ದಾಟಿದ ಮೇಲೆ. ಹಿಂದೆಲ್ಲ ಅಲ್ಲಿಂದ ಮುಂದಿನ ದಾರಿಯನ್ನು ನದಿಗಳಿಂದಲೇ ಗುರುತಿಸುತ್ತಿದ್ದರು. ರಾಮನಗರದಲ್ಲಿ ಅರ್ಕಾವತಿ, ಮದ್ದೂರಿನಲ್ಲಿ ಶಿಂಷಾ, ಶ್ರೀರಂಗಪಟ್ಟಣದಲ್ಲಿ ಎರಡು ಕವಲಾಗಿ ಕಾವೇರಿ. ಸೇತುವೆ ಬಂದಾಗ ಬಸ್ಸು ನಿಧಾನವಾಗುತ್ತಿತ್ತು, ಕಿಟಕಿಯ ಪಕ್ಕದ ಅಜ್ಜಿ ಕೈ ಮುಗಿದು ಒಂದು ನಾಣ್ಯ ನೀರಿಗೆಸೆಯುತ್ತಿದ್ದರು.

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹತ್ತು ಪಥದ ಹೆದ್ದಾರಿ ಉದ್ಘಾಟನೆಯಾಯಿತು. ಸುಮಾರು 118 ಕಿಲೋಮೀಟರ್ ಉದ್ದದ ಈ ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬೈಪಾಸ್‌ನಲ್ಲಿ ಬಳಸಿಕೊಂಡು ಹೋಗುತ್ತದೆ. ಪ್ರಯಾಣದ ಹೊತ್ತು ಉಳಿಯಿತು, ಒಳ್ಳೆಯದೇ. ಆದರೆ ಹೊಸ ಸೇತುವೆ ಎದ್ದ ಕಡೆಯಲ್ಲೆಲ್ಲ ಕೇಳಲೇಬೇಕಾದ ಒಂದು ಪ್ರಶ್ನೆಯಿದೆ: ಹಳೆಯದನ್ನು ಏನು ಮಾಡಬೇಕು?

ಅದಕ್ಕಿರುವುದು ಮೂರೇ ದಾರಿ. ಒಡೆಯುವುದು, ಹಾಗೇ ಬಿಟ್ಟುಬಿಡುವುದು, ಇಲ್ಲವೇ ಬೇರೆ ಕೆಲಸ ಕೊಡುವುದು. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಎರಡನೆಯದು. ಬಿಟ್ಟುಬಿಟ್ಟ ಸೇತುವೆ ಉಳಿದಂತೆ ಕಾಣುತ್ತದೆ, ಆದರೆ ದಿನದಿನಕ್ಕೂ ಸವೆಯುತ್ತಿರುತ್ತದೆ. ಅದನ್ನು ನಿಜವಾಗಿ ಉಳಿಸುವುದು ಮೂರನೆಯ ದಾರಿ. ಅದು ಹೇಗೆ ಸಾಧ್ಯ, ಎಲ್ಲಿ ಎಚ್ಚರ ತಪ್ಪಬಾರದು ಎಂಬುದನ್ನು ಇಲ್ಲಿ ನೋಡೋಣ.

ಪೂರ್ಣಯ್ಯನವರ ಕಲ್ಲು ಸೇತುವೆ

ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಉತ್ತರದ ಕವಲಿನ ಮೇಲೆ ವೆಲ್ಲೆಸ್ಲಿ ಸೇತುವೆ ನಿಂತಿದೆ. ದಿವಾನ್ ಪೂರ್ಣಯ್ಯನವರು 1804ರಲ್ಲಿ ಇದನ್ನು ಕಟ್ಟಿಸಿ, ಆಗಿನ ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿಯ ಹೆಸರಿಟ್ಟರು. ಇದರಲ್ಲಿ ಕಮಾನುಗಳಿಲ್ಲ. ನದಿಯಲ್ಲಿ ಸಾಲಾಗಿ ನಿಲ್ಲಿಸಿದ ಕಲ್ಲುಕಂಬಗಳು, ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ಕಲ್ಲಿನ ತೊಲೆ, ಅದರ ಮೇಲೆ ದಾರಿ. ನಮ್ಮ ದೇವಸ್ಥಾನದ ಮಂಟಪ ಕಟ್ಟುವ ಕ್ರಮವನ್ನೇ ನದಿಗೆ ಇಳಿಸಿದಂತಿದೆ. ತೆಳ್ಳಗಿನ ಕಂಬಗಳ ನಡುವೆ ನೀರು ಸರಾಗವಾಗಿ ಹರಿದುಹೋಗುತ್ತದೆ. 1924ರ ಮಹಾಪ್ರವಾಹವೂ ಸೇರಿದಂತೆ ಎಷ್ಟೋ ನೆರೆಗಳನ್ನು ಇದು ಕಂಡಿದೆ. ಹೊಸ ಸೇತುವೆಗಳು ಬಂದ ಮೇಲೆ ಹೆದ್ದಾರಿಯ ಹೊರೆ ಇದರ ಮೇಲಿಂದ ಇಳಿಯಿತು.

ಇದೇ ಬಗೆಯ ಕಲ್ಲುಕಂಬದ ಸೇತುವೆಗಳು ಶಿವನಸಮುದ್ರದಲ್ಲಿವೆ. 1830ರ ಆಸುಪಾಸಿನಲ್ಲಿ ಅವುಗಳನ್ನು ಸರಿಪಡಿಸಿ ನಿಲ್ಲಿಸಿದವರು ಜಾಗೀರುದಾರ ರಾಮಸ್ವಾಮಿ ಮುದಲಿಯಾರ್. ಆ ಕೆಲಸ ಮೆಚ್ಚಿ ಅವರಿಗೆ ‘ಜನೋಪಕಾರ ಕಾಮಕರ್ತ’ ಎಂಬ ಬಿರುದು ಕೊಟ್ಟರು. ಸೇತುವೆ ಕಟ್ಟುವುದು ಕೆರೆ ಕಟ್ಟಿಸಿದಷ್ಟೇ ಪುಣ್ಯದ ಕೆಲಸವಾಗಿದ್ದ ಕಾಲ ಅದು. ಆದರೆ 2018ರ ಮಳೆಗಾಲದ ಪ್ರವಾಹದಲ್ಲಿ ಅಲ್ಲಿನ ಹಳೆ ಸೇತುವೆಯೊಂದರ ಭಾಗ ಕೊಚ್ಚಿಹೋಯಿತು. ಪಕ್ಕದಲ್ಲಿ ಹೊಸ ಸೇತುವೆ ಇದ್ದುದರಿಂದ ಸಂಚಾರ ನಿಲ್ಲಲಿಲ್ಲ. ಸಂಚಾರ ನಿಲ್ಲದಿದ್ದರೆ ನಷ್ಟವೂ ಕಣ್ಣಿಗೆ ಬೀಳುವುದಿಲ್ಲ.

ನಂಜನಗೂಡಿನ ಕಪಿಲೆಯ ಮೇಲಿನ ಸೇತುವೆಯ ಕಥೆ ಬೇರೆ. ದಳವಾಯಿಗಳ ಕಾಲದಲ್ಲಿ, 1735ರಲ್ಲಿ, ಎತ್ತಿನ ಗಾಡಿಗೂ ಯಾತ್ರಿಕರಿಗೂ ಕಟ್ಟಿದ್ದು ಇದು. ಮುಂದೆ ರಸ್ತೆಯ ಜೊತೆಗೆ ಮೀಟರ್ ಗೇಜ್ ರೈಲನ್ನೂ ಹೊತ್ತಿತು. ಈಗ ರೈಲ್ವೆ ಇದನ್ನು ಪಾರಂಪರಿಕ ಸೇತುವೆಯೆಂದು ಗುರುತಿಸಿದೆ. ಗಾಡಿಯ ಸೇತುವೆ ರೈಲಿನ ಸೇತುವೆಯಾಯಿತು, ರೈಲಿನದು ಪರಂಪರೆಯದಾಯಿತು. ಬಳಕೆ ಬದಲಿಸಿ ಕಟ್ಟಡ ಉಳಿಸಿಕೊಳ್ಳುವುದು ನಮಗೆ ಹೊಸತಲ್ಲ.

ಸಾಲದು ಎಂದರೆ ಸತ್ತಿತು ಎಂದಲ್ಲ

ಹೆದ್ದಾರಿಗೆ ಹಳೆ ಸೇತುವೆ ಸಾಲದಾಗಲು ಕಾರಣಗಳು ಹೆಚ್ಚುಕಡಿಮೆ ಎಲ್ಲೆಡೆ ಒಂದೇ. ಮೊದಲನೆಯದು ಅಗಲ: ಎರಡು ಗಾಡಿ ಎದುರಾಗಲೆಂದು ಕಟ್ಟಿದ್ದರಲ್ಲಿ ಎರಡು ಲಾರಿ ಹಾಯುವುದಿಲ್ಲ. ಎರಡನೆಯದು ಭಾರ: ತುಂಬಿದ ಟ್ರಕ್ಕಿನ ಒಂದೊಂದು ಅಚ್ಚೂ ಟನ್ನುಗಟ್ಟಲೆ ತೂಕವನ್ನು ಒಂದೇ ಕಡೆ ಒತ್ತುತ್ತದೆ, ಮೇಲಾಗಿ ಓಡುವ ಗಾಡಿಯ ಅದುರು ಬೇರೆ. ಮೂರನೆಯದು ಸೇತುವೆಯ ಎರಡು ತುದಿಗಳಲ್ಲಿನ ತಿರುವು. ನಾಲ್ಕನೆಯದು ಎತ್ತರ: ನೆರೆ ಬಂದಾಗ ದಾರಿ ಮುಳುಗಿದರೆ ಹೆದ್ದಾರಿಯೇ ಬಂದ್.

ಈ ನಾಲ್ಕೂ ಕಾರಣಗಳು ಭಾರಿ ವಾಹನಕ್ಕೂ ವೇಗಕ್ಕೂ ಸಂಬಂಧಿಸಿದವು. ನಡೆದು ಹೋಗುವವರಿಗೆ, ಸೈಕಲ್ಲಿಗೆ, ಹೊಲದಿಂದ ಹುಲ್ಲುಹೊರೆ ತರುವವರಿಗೆ ಅದೇ ಅಗಲ ಧಾರಾಳ, ಅದೇ ತಿರುವು ಚೆಂದ. ನೆರೆ ಬಂದ ಕೆಲವು ದಿನ ಗೇಟು ಹಾಕಿದರೂ ನಡೆಯುತ್ತದೆ. ಹೊಸ ಕೆಲಸ ಹುಡುಕುವಾಗ ಮೊದಲು ಹಿಡಿಯಬೇಕಾದ ಎಳೆ ಇದು.

ಇದರ ಅರ್ಥ ಹಳೆಯದೆಲ್ಲ ಗಟ್ಟಿ ಎಂದಲ್ಲ. ಕಾರವಾರದಲ್ಲಿ ಕಾಳಿ ನದಿಗೆ 1983ರಲ್ಲಿ ಕಟ್ಟಿದ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಹೊಸ ಸೇತುವೆ ಒಂದು ದಿಕ್ಕಿನ ವಾಹನ ಹೊರುತ್ತಿತ್ತು, ಹಳೆಯದು ಇನ್ನೊಂದು ದಿಕ್ಕಿನದು. ಲಾರಿಯೊಂದು ನದಿಗೆ ಬಿತ್ತು, ಚಾಲಕ ಬದುಕುಳಿದರು. ನಲವತ್ತು ವರ್ಷದ ಕಾಂಕ್ರೀಟು ಬಿದ್ದ ನಾಡಿನಲ್ಲೇ ಇನ್ನೂರು ವರ್ಷದ ಕಲ್ಲು ನಿಂತಿದೆ. ವಯಸ್ಸು ನೋಡಿ ತೀರ್ಪು ಕೊಡಲಾಗದು, ಪರೀಕ್ಷೆ ಮಾಡಿಯೇ ತಿಳಿಯಬೇಕು.

ಏನೇನು ಪರೀಕ್ಷಿಸಬೇಕು

ಪರೀಕ್ಷೆ ನೀರಿನ ಕೆಳಗಿನಿಂದ ಶುರುವಾಗಬೇಕು. ಸೇತುವೆಗಳು ಹೆಚ್ಚಾಗಿ ಸೋಲುವುದು ಬುಡದಲ್ಲಿ. ಕಂಬದ ಸುತ್ತ ಸುಳಿಯುವ ನೀರು ಮಣ್ಣು–ಮರಳನ್ನು ಕೊರೆದು ಒಯ್ಯುತ್ತದೆ. ಹತ್ತಿರದಲ್ಲಿ ಮರಳು ತೆಗೆದರೆ ನದಿಯ ಪಾತ್ರವೇ ತಗ್ಗಿ ತಳಪಾಯ ಬಯಲಾಗುತ್ತದೆ. ನೀರಿಳಿದ ಬೇಸಿಗೆಯಲ್ಲಿ ಪ್ರತಿ ಕಂಬದ ಬುಡವನ್ನೂ ನೋಡಿ ಅಳತೆ ಬರೆದಿಡಬೇಕು.

ಎರಡನೆಯದು ಗಿಡ. ಹಕ್ಕಿ ತಂದುಹಾಕಿದ ಅರಳಿ, ಆಲದ ಬೀಜ ಕಲ್ಲಿನ ಸಂದಿನಲ್ಲಿ ಮೊಳೆತರೆ ಬೇರು ದಪ್ಪವಾಗುತ್ತ ಕಲ್ಲನ್ನೇ ಎಬ್ಬುತ್ತದೆ. ಸಸಿಯಾಗಿದ್ದಾಗ ಕೈಯಲ್ಲಿ ಕೀಳಬಹುದು. ಮರವಾದ ಮೇಲೆ ಎಳೆದರೆ ಗೋಡೆಯೂ ಜೊತೆಗೆ ಬರುತ್ತದೆ. ಅಂಥದ್ದನ್ನು ಕತ್ತರಿಸಿ, ಬೇರನ್ನು ಒಳಗೇ ಸಾಯಿಸಿ, ಸಂದು ತುಂಬಬೇಕು.

ಮೂರನೆಯದು ಗಾರೆ. ಹಳೆ ಸೇತುವೆಗಳ ಇಟ್ಟಿಗೆ–ಕಲ್ಲನ್ನು ಹಿಡಿದಿರುವುದು ಸುಣ್ಣದ ಗಾರೆ. ಅದು ಮೆದು, ತೇವವನ್ನು ಹೊರಗೆ ಬಿಡುತ್ತದೆ, ಬಿಸಿಲು–ಮಳೆಗೆ ಹಿಗ್ಗಿ ಕುಗ್ಗುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ನೀರು ಒಳಗೇ ಸಿಕ್ಕಿಕೊಂಡು ಇಟ್ಟಿಗೆಯನ್ನು ಪುಡಿಮಾಡುತ್ತದೆ. ಸುಣ್ಣದ ಕಟ್ಟಡವನ್ನು ಸುಣ್ಣದಿಂದಲೇ ಸರಿಪಡಿಸಬೇಕು.

ನಾಲ್ಕನೆಯದು ಡಾಂಬರು. ವರ್ಷವರ್ಷ ಒಂದರ ಮೇಲೊಂದು ಹಾಕಿದ ಪದರಗಳು ಸೇತುವೆ ಹಗಲಿರುಳೂ ಹೊರುವ ವ್ಯರ್ಥ ಭಾರ. ಅದನ್ನು ಕೆರೆದು ತೆಗೆದು, ನೀರು ಹೊರಹೋಗುವ ತೂತುಗಳನ್ನು ಬಿಡಿಸಿದರೆ ಅರ್ಧ ಚಿಕಿತ್ಸೆ ಆದಂತೆ.

ಇವೆಲ್ಲಕ್ಕೂ ರಸ್ತೆ–ಸೇತುವೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಕೈಪಿಡಿಗಳಿವೆ. ತಪಾಸಣೆಗೆ ಒಂದು, ಭಾರ ಹೊರುವ ಶಕ್ತಿ ಅಳೆಯಲು ಒಂದು, ಬಲಪಡಿಸಲು ಇನ್ನೊಂದು. ದೇಶದ ಹೆದ್ದಾರಿ ಸೇತುವೆಗಳ ಸ್ಥಿತಿಗತಿ ದಾಖಲಿಸಲು 2016ರಲ್ಲಿ ಕೇಂದ್ರ ಹೆದ್ದಾರಿ ಸಚಿವಾಲಯ ಸೇತುವೆ ನಿರ್ವಹಣಾ ವ್ಯವಸ್ಥೆಯನ್ನೇ ಆರಂಭಿಸಿತು. ದಾರಿ ತಿಳಿಯದೆ ನಿಂತ ಸಮಸ್ಯೆ ಇದಲ್ಲ.

ಜನರ ಭಾರ ಹಗುರವಲ್ಲ

‘ಲಾರಿ ನಿಲ್ಲಿಸಿದೆವಲ್ಲ, ಜನ ಓಡಾಡಿದರೆ ಏನಾದೀತು?’ ಎನ್ನುವವರಿದ್ದಾರೆ. ಇಲ್ಲಿಯೇ ದೊಡ್ಡ ತಪ್ಪು ಆಗುವುದು. ರೋಡ್ಸ್ ಕಾಂಗ್ರೆಸ್ ನಿಯಮದಂತೆ ಕಾಲುದಾರಿಯ ಮೇಲೆ ಚದರ ಮೀಟರಿಗೆ 400 ಕೆಜಿ ಭಾರ ಲೆಕ್ಕ ಹಿಡಿಯಬೇಕು. ಪಟ್ಟಣದ ಹತ್ತಿರ, ಯಾತ್ರಾಸ್ಥಳ, ಜಾತ್ರೆ ಸೇರುವ ಕಡೆ 500 ಕೆಜಿ. 100 ಮೀಟರ್ ಉದ್ದ, 5 ಮೀಟರ್ ಅಗಲದ ಸೇತುವೆ ದಸರಾ ದಿನ ಜನರಿಂದ ತುಂಬಿತೆನ್ನಿ. 500 ಚದರ ಮೀಟರ್, ಒಂದೊಂದಕ್ಕೆ 500 ಕೆಜಿ. ಒಟ್ಟು 250 ಟನ್ ಲೆಕ್ಕ. ಒಂದರ ಹಿಂದೆ ಒಂದು ತುಂಬಿದ ಲಾರಿಗಳು ನಿಂತಷ್ಟಾಯಿತು.

ಗುಜರಾತಿನ ಮೋರ್ಬಿಯಲ್ಲಿ ದುರಸ್ತಿಯಾಗಿ ಕೆಲವೇ ದಿನಗಳ ಹಿಂದೆ ತೆರೆದಿದ್ದ ತೂಗುಸೇತುವೆ 2022ರ ಅಕ್ಟೋಬರ್ 30ರಂದು ಹರಿದುಬಿತ್ತು, 135 ಜನ ಸತ್ತರು. 2025ರ ಜೂನ್ 15ರಂದು ಪುಣೆಯ ಬಳಿ ಇಂದ್ರಾಯಣಿ ನದಿಯ ಹಳೆ ಕಬ್ಬಿಣದ ಸೇತುವೆ ಪ್ರವಾಸಿಗರ ಗುಂಪಿನೊಂದಿಗೆ ಕುಸಿಯಿತು, ನಾಲ್ವರು ಪ್ರಾಣ ಕಳೆದುಕೊಂಡರು. ಹಳೆ ಸೇತುವೆಗೆ ಜನರನ್ನು ಬಿಡುವ ಮುನ್ನ ಒಟ್ಟಿಗೆ ಎಷ್ಟು ಜನ ಎಂಬ ಮಿತಿ, ಎಣಿಸಿ ಬಿಡುವ ಕಾವಲುಗಾರ, ನೀರೇರಿದ ದಿನ ಬೀಗ ಹಾಕುವ ಗೇಟು ಇವು ಮೂರೂ ಇರಲೇಬೇಕು. ಎಚ್ಚರಿಕೆಯ ಫಲಕವೊಂದೇ ಸಾಲದು.

ಯಾವ ಕೆಲಸ ಹೊಂದುತ್ತದೆ

ಎಲ್ಲಕ್ಕಿಂತ ಸರಳವಾದದ್ದು ನಡಿಗೆ ಮತ್ತು ಸೈಕಲ್ ದಾರಿ. ಅಹಮದಾಬಾದಿನ ಎಲ್ಲಿಸ್ ಸೇತುವೆ 1892ರದು. ಸಂಚಾರ ಹೆಚ್ಚಿದಾಗ ಅದನ್ನು ಒಡೆಯದೆ ಎರಡೂ ಪಕ್ಕದಲ್ಲಿ ಹೊಸ ಕಾಂಕ್ರೀಟ್ ಸೇತುವೆ ಕಟ್ಟಿ, ನಡುವಿನ ಉಕ್ಕಿನ ಕಮಾನುಗಳನ್ನು ಹಾಗೇ ಉಳಿಸಿಕೊಂಡರು. ಕೇರಳದ ಪುನಲೂರಿನಲ್ಲಿ 1877ರ ತೂಗುಸೇತುವೆ ಇಂದು ಸಂರಕ್ಷಿತ ಸ್ಮಾರಕ. ವಾಹನಕ್ಕೆ ಪಕ್ಕದಲ್ಲಿ ಕಾಂಕ್ರೀಟ್ ಸೇತುವೆಯಿದೆ, ಹಳೆಯದರ ಮೇಲೆ ಜನ ನಡೆಯುತ್ತಾರೆ.

ಎರಡನೆಯದು ಊರಿನ ಒಳಬಳಕೆ. ನದಿಯಾಚೆ ಹೊಲವಿರುವ ರೈತರಿಗೆ, ಶಾಲೆಯ ಮಕ್ಕಳಿಗೆ ಹೊಸ ಹೆದ್ದಾರಿ ಸುತ್ತುದಾರಿಯಾಗುತ್ತದೆ. ಅವರಿಗೆ ಹಳೆ ಸೇತುವೆಯನ್ನು ಉಳಿಸಿ, ಎತ್ತರದ ಕಬ್ಬಿಣದ ಅಡ್ಡಪಟ್ಟಿ ಹಾಕಿ ಭಾರಿ ವಾಹನ ತಡೆಯಬಹುದು.

ಮೂರನೆಯದು ಜಾಗ ಬದಲಿಸುವುದು. ಉಕ್ಕಿನ ಸೇತುವೆಯಾದರೆ ಬೋಲ್ಟು ಬಿಚ್ಚಿ, ಕೆರೆಯ ಏರಿಗೋ ರಾಜಕಾಲುವೆಗೋ ಕಾಲುಸೇತುವೆಯಾಗಿ ಜೋಡಿಸಬಹುದು. ಕಲ್ಲು–ಗಾರೆಯದಕ್ಕೆ ಇದು ಕಷ್ಟ, ಆದರೂ ಅಸಾಧ್ಯವಲ್ಲ. 2017ರಲ್ಲಿ ಬೆಂಗಳೂರು–ಮೈಸೂರು ಜೋಡಿ ಹಳಿಗೆ ಅಡ್ಡವಾಗಿದ್ದ ಶ್ರೀರಂಗಪಟ್ಟಣದ ಟಿಪ್ಪು ಕಾಲದ ಮದ್ದಿನ ಮನೆಯನ್ನು ರೈಲ್ವೆ ಒಡೆಯಲಿಲ್ಲ. ಇಟ್ಟಿಗೆ–ಗಾರೆಯ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿತು.

ಯಜಮಾನ ಯಾರು, ಹಣ ಎಲ್ಲಿಂದ

ಬೈಪಾಸ್ ಆದ ಮೇಲೆ ಊರೊಳಗಿನ ಹಳೆ ಹೆದ್ದಾರಿಯನ್ನು ಒಂದು ಸಲ ದುರಸ್ತಿ ಮಾಡಿ ರಾಜ್ಯಕ್ಕೆ ಒಪ್ಪಿಸುವುದು ಪದ್ಧತಿ. ಈ ಕೈಬದಲಾವಣೆಯ ಹೊತ್ತಿನಲ್ಲೇ ಹಳೆ ಸೇತುವೆ ಅನಾಥವಾಗುವುದು. ಹೆದ್ದಾರಿ ಪ್ರಾಧಿಕಾರಕ್ಕೆ ಅದು ಮುಗಿದ ಕೆಲಸ, ಲೋಕೋಪಯೋಗಿ ಇಲಾಖೆಗೆ ಇನ್ನೊಂದು ಹೊರೆ, ಪುರಸಭೆಗೆ ಕೈಗೆಟುಕದ ಖರ್ಚು, ಪುರಾತತ್ವ ಇಲಾಖೆಗೆ ಪಟ್ಟಿಯಲ್ಲಿದ್ದರಷ್ಟೇ ತನ್ನದು.

ಅಮೆರಿಕದಲ್ಲಿ ಇದಕ್ಕೆ 1987ರಲ್ಲಿ ಕಾನೂನಿನಲ್ಲೇ ಉತ್ತರ ಬರೆದರು. ಕೇಂದ್ರದ ಹಣದಲ್ಲಿ ಐತಿಹಾಸಿಕ ಸೇತುವೆ ಒಡೆಯಲು ಹೊರಟ ರಾಜ್ಯ, ಮೊದಲು ಅದನ್ನು ಉಳಿಸಿಕೊಳ್ಳುವವರಿಗೆ ದಾನವಾಗಿ ಕೊಡಲು ಮುಂದಾಗಬೇಕು. ಪಡೆದವರು ನಿರ್ವಹಣೆಯ ಹೊಣೆ ಹೊರಬೇಕು. ಒಡೆಯಲು ಎಷ್ಟು ಖರ್ಚಾಗುತ್ತಿತ್ತೋ ಅಷ್ಟರವರೆಗೆ ಉಳಿಸುವ ಕೆಲಸಕ್ಕೆ ನೆರವು ಸಿಗುತ್ತದೆ. ಟೆನೆಸಿ ರಾಜ್ಯದ ಚಟನೂಗಾ ಊರಿನಲ್ಲಿ 1978ರಲ್ಲಿ ವಾಹನಕ್ಕೆ ಮುಚ್ಚಿದ ಹಳೆ ಸೇತುವೆ 1993ರಲ್ಲಿ ನಡಿಗೆಯ ದಾರಿಯಾಗಿ ತೆರೆಯಿತು.

ನಮ್ಮಲ್ಲೂ ಹೊಸ ಸೇತುವೆಯ ಯೋಜನಾ ವರದಿ ಬರೆಯುವಾಗಲೇ ಹಳೆಯದಕ್ಕೊಂದು ಅಧ್ಯಾಯ ಇರಬೇಕು: ಮುಂದಿನ ಬಳಕೆ ಏನು, ಹೊಣೆ ಯಾರದು, ವರ್ಷಕ್ಕೆ ಎಷ್ಟು ಹಣ. ನೂರಾರು ಕೋಟಿಯ ಯೋಜನೆಯಲ್ಲಿ ಇದು ಸಣ್ಣ ಬಾಬ್ತು. ಹೊಸ ಸೇತುವೆ ಉದ್ಘಾಟನೆಯಾದ ಮೇಲೆ ಕೇಳಿದರೆ ಅದೇ ಹಣಕ್ಕೆ ಹತ್ತು ಕಚೇರಿ ಅಲೆಯಬೇಕು.

ನೀವು ಮಾಡಬಹುದಾದದ್ದು

ನಿಮ್ಮ ಊರಿನ ದಾರಿಯಲ್ಲಿ ಹಳೆ ಸೇತುವೆಯೊಂದಿದ್ದರೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಲಿ. ನಾಲ್ಕು ಪ್ರಶ್ನೆ ಸಾಕು: ಈ ಸೇತುವೆ ಈಗ ಯಾರ ಸುಪರ್ದಿನಲ್ಲಿದೆ? ಕೊನೆಯ ತಪಾಸಣೆ ಯಾವಾಗ ಆಯಿತು, ವರದಿಯ ಪ್ರತಿ ಕೊಡುವಿರಾ? ಕಳೆದ ಐದು ವರ್ಷದಲ್ಲಿ ನಿರ್ವಹಣೆಗೆ ಎಷ್ಟು ಖರ್ಚಾಯಿತು? ಒಡೆಯುವ ಅಥವಾ ಉಳಿಸುವ ಪ್ರಸ್ತಾವವಿದೆಯೇ? ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಆ ಉತ್ತರ ಹಿಡಿದು ಪುರಸಭೆಗೋ ಗ್ರಾಮಸಭೆಗೋ ಹೋಗಿ, ಸೇತುವೆಗೆ ಯಾವ ಕೆಲಸ ಕೊಡಬೇಕೆಂದು ಊರವರೇ ಹೇಳಿ.

ಮುಂದಿನ ಸಲ ಕೆಂಗೇರಿ ದಾಟಿ ಮೈಸೂರಿಗೆ ಹೊರಟಾಗ ಬೈಪಾಸ್ ಬಿಟ್ಟು ಶ್ರೀರಂಗಪಟ್ಟಣದೊಳಗೆ ಇಳಿಯಿರಿ. ಮಕ್ಕಳನ್ನು ವೆಲ್ಲೆಸ್ಲಿ ಸೇತುವೆಯ ಹತ್ತಿರ ಕರೆದುಕೊಂಡು ಹೋಗಿ, ದಡದಲ್ಲಿ ನಿಂತು ಆ ಕಂಬಗಳ ಸಾಲನ್ನು ತೋರಿಸಿ. ಕಟ್ಟಿದವರು ತಮ್ಮ ಕೆಲಸ ಮುಗಿಸಿ ಇನ್ನೂರು ವರ್ಷವಾಯಿತು. ಉಳಿಸುವ ಕೆಲಸ ನಮ್ಮ ಪಾಲಿನದು.