ಒಂದೇ ತೆರೆ, ಎರಡು ನೌಕೆ

ಆಟವೆಂದೊಡನೆ ಸೋಲು-ಗೆಲುವಿನ ಮಾತು ಬರುತ್ತದೆ. ಚದುರಂಗದ ಹಲಗೆಯ ಮುಂದೆ ಕುಳಿತ ಒಡಹುಟ್ಟಿದವರೂ ಆ ಹೊತ್ತಿಗೆ ವೈರಿಗಳೇ! ಆದರೆ ಇಬ್ಬರು ಎದುರುಬದುರಾಗಿ ಕೂಡದೆ ಪಕ್ಕಪಕ್ಕದಲ್ಲಿ ಕುಳಿತು, ಒಂದೇ ಶತ್ರುವಿನೊಡನೆ ಹೋರಾಡುವ ಆಟಗಳೂ ಉಂಟು. ಜಪಾನಿನ ಕೊನಾಮಿ ಸಂಸ್ಥೆಯವರು 1986ರಲ್ಲಿ ನಾಣ್ಯ ಹಾಕಿ ಆಡುವ ಯಂತ್ರಕ್ಕಾಗಿ ರಚಿಸಿದ ‘ಸಲಮಾಂಡರ್’ ಅಂಥದೊಂದು. ಮರುವರ್ಷ ಅದು ನಿಂಟೆಂಡೊ ಸಂಸ್ಥೆಯ ಫ್ಯಾಮಿಕಾಮ್ ಪೆಟ್ಟಿಗೆಯ ಮೂಲಕ ಜಪಾನಿನ ಮನೆಗಳಿಗೆ ಬಂದಿತು. 1988ರಲ್ಲಿ ‘ಲೈಫ್ ಫೋರ್ಸ್’ ಎಂಬ ಹೆಸರು ತಳೆದು ಅಮೆರಿಕದ ಮನೆಗಳನ್ನು ಸೇರಿತು.

ಕಥೆ ಸರಳವಾದುದು. ಗ್ರಹಗಳನ್ನೇ ನುಂಗುವ ಜೆಲೋಸ್ ಎಂಬ ದೈತ್ಯಜೀವಿ. ಅದನ್ನು ಕೊಲ್ಲಲು ಹೊರಟ ನೌಕೆಗಳೆರಡು: ವಿಕ್ ವೈಪರ್ ಮತ್ತು ಲಾರ್ಡ್ ಬ್ರಿಟಿಷ್. ದಾರಿಯಲ್ಲಿ ಆರು ಘಟ್ಟಗಳು. ಒಂದು ಘಟ್ಟದಲ್ಲಿ ನೌಕೆ ಅಡ್ಡಲಾಗಿ ಸಾಗಿದರೆ ಮುಂದಿನದರಲ್ಲಿ ಮೇಲಕ್ಕೇರುತ್ತದೆ. ಮೊದಲ ಘಟ್ಟದಲ್ಲಿ ಮಾಂಸದ ಗೋಡೆಗಳು ನೋಡನೋಡುತ್ತಿದ್ದಂತೆ ಬೆಳೆದು ದಾರಿಯನ್ನು ಮುಚ್ಚುತ್ತವೆ. ಮೂರನೆಯದರಲ್ಲಿ ಬೆಂಕಿಯ ನಾಲಗೆಗಳು ಚಿಮ್ಮುತ್ತವೆ. ಐದನೆಯದು ಈಜಿಪ್ಟಿನ ದೇಗುಲಗಳನ್ನು ನೆನಪಿಗೆ ತರುತ್ತದೆ.

ಇದಕ್ಕೆ ಮೊದಲು 1985ರಲ್ಲಿ ಬಂದ ಕೊನಾಮಿಯವರದೇ ‘ಗ್ರೇಡಿಯಸ್’ ಆಟದಲ್ಲಿ ಇಬ್ಬರು ಆಡಬಹುದಿತ್ತಾದರೂ, ಒಬ್ಬನ ಸರದಿ ಮುಗಿಯುವವರೆಗೆ ಇನ್ನೊಬ್ಬನು ಕೈಕಟ್ಟಿ ನೋಡುತ್ತಿರಬೇಕಾಗಿತ್ತು. ಸಲಮಾಂಡರ್ ಇಬ್ಬರನ್ನೂ ಏಕಕಾಲಕ್ಕೆ ಒಂದೇ ತೆರೆಯ ಮೇಲೆ ನಿಲ್ಲಿಸಿತು. ನಿಜವಾದ ಪರೀಕ್ಷೆ ಅಲ್ಲಿಯೇ ಆರಂಭವಾಯಿತು.

ಕೆಲವು ವೈರಿಗಳನ್ನು ಹೊಡೆದುರುಳಿಸಿದಾಗ ಶಕ್ತಿಯ ಗುಳಿಗೆಯೊಂದು ಹೊರಬೀಳುತ್ತದೆ. ಮನೆಯ ಪೆಟ್ಟಿಗೆಯ ಆಟದಲ್ಲಿ ಗುಳಿಗೆಗಳನ್ನು ಕೂಡಿಟ್ಟುಕೊಂಡೇ ವೇಗ, ಕ್ಷಿಪಣಿ, ಲೇಸರ್, ರಕ್ಷಾಕವಚ ಮುಂತಾದವುಗಳನ್ನು ಪಡೆಯಬೇಕು. ಗುಳಿಗೆ ಒಂದು, ಆಸೆಪಡುವ ಕೈಗಳು ಎರಡು! ಮುಟ್ಟಿದವನಿಗೆ ಅದು ಸಲ್ಲುತ್ತದೆ. ನೌಕೆ ನಾಶವಾದರೆ ಗಳಿಸಿದ ಆಯುಧಗಳೆಲ್ಲ ಹೋಗಿ, ಆಟಗಾರನು ಬರಿಗೈಯವನಾಗಿ ಮತ್ತೆ ರಣರಂಗಕ್ಕೆ ಇಳಿಯುತ್ತಾನೆ. ಆಗ ಬಲಶಾಲಿಯಾದ ಜೊತೆಗಾರನು ಏನು ಮಾಡಬೇಕು? ಎದುರಿಗೆ ತೇಲಿಬಂದ ಗುಳಿಗೆಯನ್ನು ತಾನೇ ಬಾಚಿಕೊಂಡರೆ ಅವನ ಬಲ ಇನ್ನಷ್ಟು ಹೆಚ್ಚೀತು. ಆದರೆ ಗೆಳೆಯನು ಮರುಕ್ಷಣವೇ ಮತ್ತೆ ಮಡಿದಾನು. ಕೊನೆಗೆ ಒಬ್ಬಂಟಿಯಾಗಿ ಉಳಿದವನು ಎಷ್ಟು ದೂರ ಹೋದಾನು? ಬಿಟ್ಟುಕೊಡುವುದೇ ಇಲ್ಲಿ ಜಾಣತನ. ಯಾವ ನಿಯಮವೂ ಹಾಗೆ ವಿಧಿಸುವುದಿಲ್ಲ. ಆಡುತ್ತ ಆಡುತ್ತ ಆಟಗಾರರೇ ಅದನ್ನು ಕಂಡುಕೊಳ್ಳಬೇಕು.

ಆ ಪೆಟ್ಟಿಗೆಯ ಸಾಮರ್ಥ್ಯವಾದರೂ ಎಷ್ಟು? ಅದರ ಕಾರ್ಯಸ್ಮೃತಿ ಕೇವಲ 2 ಕಿಲೋಬೈಟ್. ತೆರೆಯ ಒಂದು ಅಡ್ಡಗೆರೆಯಲ್ಲಿ ಚಲಿಸುವ ಚಿತ್ರದ ತುಣುಕುಗಳು ಎಂಟಕ್ಕಿಂತ ಹೆಚ್ಚು ಕಾಣಿಸಲಾರವು. ಎರಡು ನೌಕೆಗಳು, ಅವುಗಳ ಗುಂಡುಗಳು, ಮುತ್ತಿದ ವೈರಿಗಳು ಒಂದೇ ಸಾಲಿಗೆ ಬಂದಾಗ ಚಿತ್ರಗಳು ಸರದಿಯಂತೆ ಮಿನುಗುತ್ತವೆ. ತೆರೆಯ ಮೇಲಿನ ಜಾಗವನ್ನು ಅವುಗಳೂ ಹಂಚಿಕೊಂಡೇ ಬಾಳಬೇಕು!

ಆಟ ಬಲು ಕಠಿಣ. ಮೂರು ಜೀವಗಳು ಕೆಲವರಿಗೆ ಮೊದಲ ಘಟ್ಟಕ್ಕೇ ಸಾಲವು. ಅಂಥವರಿಗೊಂದು ಗುಪ್ತಮಂತ್ರವಿದೆ: ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಆಮೇಲೆ ಬಿ, ಎ. ಆರಂಭದಲ್ಲಿ ಈ ಗುಂಡಿಗಳನ್ನು ಇದೇ ಕ್ರಮದಲ್ಲಿ ಒತ್ತಿದರೆ ಮೂರು ಜೀವಗಳು ಮೂವತ್ತಾಗುತ್ತವೆ. ಈ ಮಂತ್ರದ ಕರ್ತೃ ಕಜುಹಿಸ ಹಶಿಮೊಟೊ. 1986ರಲ್ಲಿ ಗ್ರೇಡಿಯಸ್ ಆಟವನ್ನು ಫ್ಯಾಮಿಕಾಮಿಗೆ ಅಳವಡಿಸುತ್ತಿದ್ದಾಗ, ಪರೀಕ್ಷಿಸಲು ಆಡಹೋಗಿ ಅದು ತಮಗೇ ಕಷ್ಟವಾದುದರಿಂದ ಅವರು ಇದನ್ನು ಸೇರಿಸಿದರು. 2020ರಲ್ಲಿ ಅವರು ತೀರಿಕೊಂಡಾಗ ಜಗತ್ತಿನ ನಾನಾ ಕಡೆಯ ಆಟಗಾರರು ಆ ಹತ್ತು ಒತ್ತುಗಳನ್ನು ನೆನೆದರು.

ಆಟವನ್ನು ಅಳವಡಿಸಿದವರಿಗೇ ಆಸರೆ ಬೇಕಾಯಿತೆಂದ ಮೇಲೆ ಆಡುವವರಿಗೆ ಬೇಡವೇ? ಜೆಲೋಸ್ ಸತ್ತ ಬಳಿಕವೂ ಆಟ ಮುಗಿಯುವುದಿಲ್ಲ. ಇಕ್ಕಟ್ಟಾದ ದಾರಿಯಲ್ಲಿ ಮಿಂಚಿನ ವೇಗದಿಂದ ಹೊರಗೆ ಪಾರಾಗಬೇಕು. ಗೆಳೆಯರಿಬ್ಬರೂ ಜೊತೆಯಾಗಿಯೇ ಹೊರಬಂದರೆ ಅದಕ್ಕಿಂತ ದೊಡ್ಡ ಗೆಲುವು ಆ ಆಟದಲ್ಲಿ ಬೇರೊಂದಿಲ್ಲ.