ರಾಷ್ಟ್ರೀಯ ಕೆಡೆಟ್ ಕೋರ್‌ನ ವಾಯುದಳ

ರಾಷ್ಟ್ರೀಯ ಕೆಡೆಟ್ ಕೋರ್‌ನ ವಾಯುದಳವು ಭಾರತದ ಶಾಲಾ ಕಾಲೇಜು ವಿದ್ಯಾರ್ಥಿಗಳಿಗೆ ವಾಯುಯಾನದ ಪ್ರಾಥಮಿಕ ತರಬೇತಿಯನ್ನು ನೀಡುವ ವಿಭಾಗವಾಗಿದೆ. ಭೂದಳ ಮತ್ತು ನೌಕಾದಳಗಳು ಎನ್‌ಸಿಸಿಯ ಇತರ ಎರಡು ವಿಭಾಗಗಳು. ಸಂಸ್ಥೆಯು ರಕ್ಷಣಾ ಸಚಿವಾಲಯದ ಅಧೀನದಲ್ಲಿದ್ದು, ಇದರ ಧ್ಯೇಯವಾಕ್ಯ 'ಏಕತೆ ಮತ್ತು ಶಿಸ್ತು'.

ಇತಿಹಾಸ

ಬ್ರಿಟಿಷರ ಆಳ್ವಿಕೆಯಲ್ಲಿ 1917ರಲ್ಲಿ ಆರಂಭವಾದ ವಿಶ್ವವಿದ್ಯಾಲಯ ದಳವು ಎನ್‌ಸಿಸಿಯ ಮೂಲವಾಗಿದೆ. ಪಂಡಿತ್ ಹೃದಯನಾಥ ಕುಂಜ್ರು ಅವರ ಅಧ್ಯಕ್ಷತೆಯ ಸಮಿತಿಯು ರಾಷ್ಟ್ರವ್ಯಾಪಿ ಕೆಡೆಟ್ ಸಂಸ್ಥೆಯೊಂದನ್ನು ಶಿಫಾರಸು ಮಾಡಿತು. ಅದರಂತೆ 1948ರಲ್ಲಿ ಎನ್‌ಸಿಸಿ ಕಾಯಿದೆಯು ಜಾರಿಗೆ ಬಂದಿತು. 1949ರಲ್ಲಿ ಬಾಲಕಿಯರ ವಿಭಾಗವೂ, 1950ರ ಏಪ್ರಿಲ್ 1ರಂದು ಮುಂಬಯಿ ಮತ್ತು ಕೊಲ್ಕತ್ತಗಳಲ್ಲಿ ತಲಾ ಒಂದು ಸ್ಕ್ವಾಡ್ರನ್‌ನೊಂದಿಗೆ ವಾಯುದಳವೂ ಪ್ರಾರಂಭವಾದವು. 1962ರ ಚೀನಾ ಯುದ್ಧದ ತರುವಾಯ, 1963ರಲ್ಲಿ ಎನ್‌ಸಿಸಿ ತರಬೇತಿಯನ್ನು ಕಡ್ಡಾಯಗೊಳಿಸಲಾಯಿತು. 1968ರಲ್ಲಿ ಅದನ್ನು ಪುನಃ ಐಚ್ಛಿಕಗೊಳಿಸಲಾಯಿತು.

ತರಬೇತಿ

ಕವಾಯತು, ವಿಮಾನ ಹಾರಾಟದ ತತ್ತ್ವಗಳು, ಹವಾಮಾನ ವಿಜ್ಞಾನ, ವಾಯುಸಂಚಾರ ಮಾರ್ಗನಿರ್ಣಯ ಹಾಗೂ ವಿಮಾನಗಳ ಮಾದರಿ ತಯಾರಿಕೆಯು ಪಠ್ಯಕ್ರಮದಲ್ಲಿವೆ. ಮೈಕ್ರೋಲೈಟ್ ಎಂಬ ಎರಡು ಆಸನಗಳ ಹಗುರ ವಿಮಾನದಲ್ಲಿ ಕೆಡೆಟ್‌ಗಳಿಗೆ ಬೋಧಕರೊಡನೆ ಹಾರಾಟದ ಅನುಭವವನ್ನು ನೀಡಲಾಗುತ್ತದೆ. ಶಾಲಾ ಹಂತದ ಕಿರಿಯ ವಿಭಾಗದವರು 'ಎ' ಪ್ರಮಾಣಪತ್ರವನ್ನೂ, ಕಾಲೇಜು ಹಂತದ ಹಿರಿಯ ವಿಭಾಗದವರು 'ಬಿ' ಮತ್ತು 'ಸಿ' ಪ್ರಮಾಣಪತ್ರಗಳನ್ನೂ ಪರೀಕ್ಷೆಯ ಮೂಲಕ ಪಡೆಯುತ್ತಾರೆ.

ವಾಯುಪಡೆ ಸೇರಲು ಅವಕಾಶ

ವಾಯುದಳದ ಹಿರಿಯ ವಿಭಾಗದ 'ಸಿ' ಪ್ರಮಾಣಪತ್ರ ಪಡೆದ ಪದವೀಧರರಿಗೆ ಭಾರತೀಯ ವಾಯುಪಡೆಯ ಹಾರಾಟ ಶಾಖೆಯಲ್ಲಿ ಎನ್‌ಸಿಸಿ ವಿಶೇಷ ಪ್ರವೇಶವಿದೆ. ಇವರು ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ ಆಯ್ಕೆ ಮಂಡಳಿಯ ಸಂದರ್ಶನಕ್ಕೆ ಅರ್ಹರಾಗುತ್ತಾರೆ. ವೈದ್ಯಕೀಯ ಪರೀಕ್ಷೆಯಿಂದ ವಿನಾಯಿತಿಯಿಲ್ಲ. ಪಿಯುಸಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳನ್ನು ಅಭ್ಯಸಿಸಿರಬೇಕು.

ಶಿಕಾರಿಪುರ ಮತ್ತು ಸೊರಬದ ವಿದ್ಯಾರ್ಥಿಗಳು

ಕರ್ನಾಟಕ ಮತ್ತು ಗೋವಾ ನಿರ್ದೇಶನಾಲಯದ ಕೇಂದ್ರವು ಬೆಂಗಳೂರಿನಲ್ಲಿದೆ. ಹಾರಾಟಕ್ಕೆ ವಿಮಾನ ನೆಲೆಯು ಅವಶ್ಯವಾದುದರಿಂದ ವಾಯುದಳದ ಘಟಕಗಳು ಮುಖ್ಯವಾಗಿ ನಗರಗಳಲ್ಲಿವೆ. ಭೂದಳದ ಘಟಕಗಳ ವ್ಯಾಪ್ತಿ ಹೆಚ್ಚು ವಿಶಾಲವಾದುದು. ಆದ್ದರಿಂದ ಶಿಕಾರಿಪುರ, ಸೊರಬಗಳಂತಹ ತಾಲ್ಲೂಕುಗಳಿಂದ ಪದವಿ ವ್ಯಾಸಂಗಕ್ಕೆ ಹೊರಡುವವರು, ಸೇರಲಿರುವ ಕಾಲೇಜಿನಲ್ಲಿ ಯಾವ ದಳವಿದೆ ಎಂಬುದನ್ನು ಮೊದಲೇ ವಿಚಾರಿಸುವುದು ಅಗತ್ಯ. ಭೂದಳದ 'ಸಿ' ಪ್ರಮಾಣಪತ್ರವು ಹಾರಾಟ ಶಾಖೆಯ ವಿಶೇಷ ಪ್ರವೇಶಕ್ಕೆ ಸಲ್ಲುವುದಿಲ್ಲ. ವಾಯುದಳವಿಲ್ಲದ ಕಾಲೇಜಿನ ವಿದ್ಯಾರ್ಥಿಗಳಿಗೆ ಎನ್‌ಡಿಎ, ಸಿಡಿಎಸ್ ಮತ್ತು ಎಎಫ್‌ಕ್ಯಾಟ್ ಪರೀಕ್ಷೆಗಳ ಮಾರ್ಗಗಳು ಮುಕ್ತವಾಗಿವೆ. ಜಿಲ್ಲೆಯ ಸೋಗಾನೆಯಲ್ಲಿ ನಿರ್ಮಿಸಿದ ಶಿವಮೊಗ್ಗ ವಿಮಾನ ನಿಲ್ದಾಣವು 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡಿತು.