ಕಲಬುರಗಿ ಶಾಲೆಗಳಿಗೆ ಕೊಠಡಿ ಏಕೆ ಬೇಕು?

ಕಲಬುರಗಿ ಜಿಲ್ಲೆಯ ಸರ್ಕಾರಿ ಶಾಲೆಗಳಿಗೆ ಹೊಸ ಕಟ್ಟಡ ಅಂದ ಕೂಡಲೇ ಒಂದು ಮಾತು ಬರುತ್ತದೆ: ಮೊದಲು ಶಿಕ್ಷಕರನ್ನು ಕೊಡಿ, ಗೋಡೆ ಪಾಠ ಮಾಡುತ್ತದೆಯೇ? ಶಿಕ್ಷಕರ ಕೊರತೆ ನಿಜ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ಕೊಠಡಿ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಇರಲೇಬೇಕು ಎಂದದ್ದು ಸುಮ್ಮನೆ ಅಲ್ಲ. ಮೂರು ತರಗತಿಗಳು ಒಂದೇ ಕೋಣೆಯಲ್ಲಿ ಕೂತರೆ, ಹೊಸದಾಗಿ ಬಂದ ಶಿಕ್ಷಕರೂ ಜಗಲಿಯಲ್ಲೇ ಪಾಠ ಮಾಡಬೇಕು. ಈ ಬಿಸಿಲ ನಾಡಿನಲ್ಲಿ ಮಾರ್ಚ್ ತಿಂಗಳ ಮಧ್ಯಾಹ್ನ, ತಗಡಿನ ಸೂರಿನ ಕೆಳಗೆ ಗಣಿತ ತಲೆಗೆ ಹತ್ತುವುದಿಲ್ಲ.

ಮಕ್ಕಳೇ ಖಾಸಗಿ ಶಾಲೆಗೆ ಹೋಗುತ್ತಿರುವಾಗ ಕಟ್ಟಡ ಯಾರಿಗೆ ಎನ್ನುವವರೂ ಇದ್ದಾರೆ. ತೂಕದ ಪ್ರಶ್ನೆ, ಎಲ್ಲ ಕಡೆ ಕಟ್ಟಬೇಕಾಗಿಯೂ ಇಲ್ಲ. ಏಳನೇ ತರಗತಿಗೇ ಶಾಲೆ ಮುಗಿಯುವ ಊರುಗಳಲ್ಲಿ ಎಂಟು, ಒಂಬತ್ತು, ಹತ್ತಕ್ಕೆ ಕೊಠಡಿ ಸೇರಿಸಲಿ. ಪಕ್ಕದ ಊರಿಗೆ ಬಸ್ಸಿಲ್ಲದಿದ್ದರೆ ಮೊದಲು ಓದು ನಿಲ್ಲುವುದು ಹೆಣ್ಣುಮಕ್ಕಳದ್ದೇ. ಹಣದ ದಾರಿ ಇದೆ: ಸಂವಿಧಾನದ 371ಜೆ ವಿಧಿಯಿಂದ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. 2022ರಲ್ಲಿ ರಾಜ್ಯದ ‘ವಿವೇಕ’ ಯೋಜನೆಯ 7,601 ಶಾಲಾ ಕೊಠಡಿಗಳಿಗೆ ಚಾಲನೆ ಸಿಕ್ಕಿದ್ದೂ ಇದೇ ಜಿಲ್ಲೆಯಲ್ಲಿ. ಇನ್ನು ಮುಂದೆ ಪ್ರತಿ ಕೊಠಡಿಯ ಜೊತೆಗೇ ಅದರ ದುರಸ್ತಿಯ ಹಣವನ್ನೂ ತೆಗೆದಿಟ್ಟು, ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಕೈಗೆ ಕೊಡಬೇಕು.